ಮಾನವ ಫ್ರಟಾಕ್ಸಿನ್ ಸೇರಿಸಿದರೂ ಯೀಸ್ಟ್ ಗ್ಲಿಸರಾಲ್ ಮೇಲೆ ಬೆಳೆಯುತ್ತಿಲ್ಲ

ಬುರುಗು:
ಫ್ರೀಡ್ರಿಕ್ ಅಟಾಕ್ಸಿಯಾ ಎಂಬ ಆನುವಂಶಿಕ ನರರೋಗದಲ್ಲಿ ಕೊರತೆಯಾಗುವ ಫ್ರಟಾಕ್ಸಿನ್ ಪ್ರೋಟೀನ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಡಬ್ಲ್ಯೂ303 ಎಂಬ ಯೀಸ್ಟ್ ತಳಿಯಲ್ಲಿ ಅದಕ್ಕೆ ಸಮನಾದ ವೈಎಫ್‌ಎಚ್1 ವಂಶವಾಹಿಯನ್ನು ಅಳಿಸಿ, ನಾಲ್ಕೈದು ಬಾರಿ ಗ್ಲೂಕೋಸ್ ಪ್ಲೇಟಿನಲ್ಲಿ ಬೆಳೆಸಿ, ಆಮೇಲೆ ಮಾನವ ವಂಶವಾಹಿಯ ಪ್ಲಾಸ್ಮಿಡ್ (ವಂಶವಾಹಿ ಹೊತ್ತ ಡಿಎನ್‌ಎ ಉಂಗುರ) ಸೇರಿಸಿದೆ. ಪ್ರೋಟೀನ್ ಪತ್ತೆಮಾಡುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಅದು ಕಾಣುತ್ತದೆ. ಆದರೆ ಮೈಟೊಕಾಂಡ್ರಿಯಾದ ಉಸಿರಾಟವಿದ್ದರಷ್ಟೇ ಯೀಸ್ಟ್ ಬೆಳೆಯಬಲ್ಲ 3% ಗ್ಲಿಸರಾಲ್ ಮೇಲೆ ಒಂದು ಕಾಲೊನಿಯೂ ಇಲ್ಲ. ವಂಶವಾಹಿಯನ್ನು ಚಾಲೂ ಮಾಡುವ ಪ್ರಮೋಟರ್ ಬದಲಿಸಿದ್ದೂ ಆಯಿತು. ಮಾನವ ಪ್ರೋಟೀನ್ ಯೀಸ್ಟ್‌ನಲ್ಲಿ ಕೆಲಸ ಮಾಡುವುದಿಲ್ಲವೇ?

ಅಗಾರ್ ತಟ್ಟೆ:
ಮಾಡುತ್ತದೆ. ಕಾಲೊನಿಗಳ ಬಣ್ಣ ಯಾವುದು?

ಬುರುಗು:
ಬಿಳಿ. ಅದರಲ್ಲೇನಿದೆ?

ಅಗಾರ್ ತಟ್ಟೆ:
ಎಲ್ಲವೂ ಅದರಲ್ಲೇ ಇದೆ! ನಿಮ್ಮ ತಳಿಯಲ್ಲಿ ಅಡೆನಿನ್ ತಯಾರಿಗೆ ಬೇಕಾದ ಎಡಿಇ2 ವಂಶವಾಹಿ ಕೆಟ್ಟಿರುತ್ತದೆ. ಅಡೆನಿನ್ ಕಡಿಮೆಯಾದಾಗ ಕಾಲೊನಿ ಕೆಂಪಾಗಬೇಕು. ಆ ಬಣ್ಣ ಮೂಡಲು ಉಸಿರಾಟ ಬೇಕು. ವೈಎಫ್‌ಎಚ್1 ಇಲ್ಲದ ಕೋಶದ ಮೈಟೊಕಾಂಡ್ರಿಯಾದಲ್ಲಿ ಕಬ್ಬಿಣ ತುಂಬಿಕೊಳ್ಳುತ್ತದೆ, ಕಬ್ಬಿಣ-ಗಂಧಕ ಗುಚ್ಛಗಳ ತಯಾರಿ ಕುಂಟುತ್ತದೆ, ಕೊನೆಗೆ ಉಸಿರಾಟಕ್ಕೆ ಬೇಕಾದ ಮೈಟೊಕಾಂಡ್ರಿಯಾದ ಡಿಎನ್‌ಎಯೇ ಕಳೆದುಹೋಗುತ್ತದೆ. ನೀವು ಪದೇ ಪದೇ ಗ್ಲೂಕೋಸ್ ಮೇಲೆ ಬೆಳೆಸಿದಾಗ ಆಗಿರುವುದು ಅದೇ ಇರಬೇಕು. ಹೋದ ಡಿಎನ್‌ಎಯನ್ನು ಫ್ರಟಾಕ್ಸಿನ್ ತಂದುಕೊಡಲಾರದು. ಮನೆ ಉರಿದ ಮೇಲೆ ಬಾವಿ ತೋಡಿದ್ದೀರಿ.

ಹುದುಗು:
ಅವಸರ ಬೇಡ. ಪ್ಲೇಟಿನಲ್ಲಿ ಅಡೆನಿನ್ ಹೆಚ್ಚಿದ್ದರೂ ಕಾಲೊನಿ ಬಿಳಿಯಾಗಿಯೇ ಇರುತ್ತದೆ. ವೈಎಫ್‌ಎಚ್1 ಸರಿಯಿದ್ದು ಮೈಟೊಕಾಂಡ್ರಿಯಾದ ಡಿಎನ್‌ಎ ಮಾತ್ರ ಇಲ್ಲದ, ವಿರುದ್ಧ ಲಿಂಗಪ್ರಕಾರದ ತಳಿಯೊಂದರ ಜೊತೆ ನಿಮ್ಮದನ್ನು ಕೂಡಿಸಿ. ಹುಟ್ಟುವ ಡಿಪ್ಲಾಯ್ಡ್‌ಗಳನ್ನು (ಎರಡೂ ತಳಿಗಳ ವರ್ಣತಂತುಗಳಿರುವ ಕೋಶಗಳನ್ನು) ಆರಿಸಿ ಗ್ಲಿಸರಾಲ್‌ಗೆ ಹಾಕಿ. ಬೆಳೆದರೆ ನಿಮ್ಮ ತಳಿಯಲ್ಲಿ ಡಿಎನ್‌ಎ ಉಳಿದಿದೆ, ಇಲ್ಲದಿದ್ದರೆ ಇಲ್ಲ.

ಬುರುಗು:
ಡಿಪ್ಲಾಯ್ಡ್ ಬಂತು, ಗ್ಲಿಸರಾಲ್ ಮೇಲೆ ಒಂದೂ ಬೆಳೆಯಲಿಲ್ಲ. ಒಂದು ತಿಂಗಳು ಪ್ರಮೋಟರ್ ಬೈದುಕೊಂಡದ್ದು ವ್ಯರ್ಥ.

ಅಗಾರ್ ತಟ್ಟೆ:
ಹಾಗಾದರೆ ಕ್ರಮವನ್ನು ತಿರುಗಿಸಿ. ಮೊದಲು ಯುಆರ್‌ಎ3 ಎಂಬ ಗುರುತು ವಂಶವಾಹಿ ಇರುವ ಪ್ಲಾಸ್ಮಿಡ್‌ನಲ್ಲಿ ವೈಎಫ್‌ಎಚ್1 ಕೊಡಿ, ಆಮೇಲೆ ವರ್ಣತಂತುವಿನಲ್ಲಿರುವುದನ್ನು ಅಳಿಸಿ. ಎಚ್‌ಐಎಸ್3 ಗುರುತಿನ ಪ್ಲಾಸ್ಮಿಡ್‌ನಲ್ಲಿ ಮಾನವ ಫ್ರಟಾಕ್ಸಿನ್ ಸೇರಿಸಿದ ಬಳಿಕವೇ 5-ಎಫ್‌ಒಎ ಪ್ಲೇಟಿಗೆ ಹಾಕಿ. ಯುಆರ್‌ಎ3 ಉಳಿಸಿಕೊಂಡ ಕೋಶಗಳು ಆ 5-ಎಫ್‌ಒಎ ರಾಸಾಯನಿಕವನ್ನು ವಿಷವಾಗಿ ಮಾರ್ಪಡಿಸಿಕೊಂಡು ಸಾಯುತ್ತವೆ. ವೈಎಫ್‌ಎಚ್1 ಪ್ಲಾಸ್ಮಿಡ್ ಕಳೆದುಕೊಂಡು ಉಳಿದವನ್ನು ತಡಮಾಡದೆ ಗ್ಲಿಸರಾಲ್‌ಗೆ ದಾಟಿಸಿ. ಖಾಲಿ ಪ್ಲಾಸ್ಮಿಡ್‌ನ ನಿಯಂತ್ರಣ ಮರೆಯಬೇಡಿ. ಅದಿಲ್ಲದೆ ಯಾರೂ ನಂಬುವುದಿಲ್ಲ, ನಾನಂತೂ ನಂಬುವುದಿಲ್ಲ.

ಬುರುಗು:
ಮಾನವ ಫ್ರಟಾಕ್ಸಿನ್ ಇದ್ದದ್ದು ಬೆಳೆಯಿತು! ಯೀಸ್ಟ್‌ನ ಸ್ವಂತದ್ದಕ್ಕಿಂತ ನಿಧಾನ, ಆದರೆ ಸ್ಪಷ್ಟ. ಖಾಲಿ ಪ್ಲಾಸ್ಮಿಡ್ ಪ್ಲೇಟ್ ಬೋಳು. ಇನ್ನು ರೋಗಿಗಳಲ್ಲಿ ಕಂಡುಬಂದಿರುವ ಜಿ130ವಿ ರೂಪಾಂತರವನ್ನು (ಪ್ರೋಟೀನಿನ 130ನೇ ಸ್ಥಾನದಲ್ಲಿ ಗ್ಲೈಸಿನ್ ಬದಲು ವ್ಯಾಲಿನ್) ಇದೇ ದಾರಿಯಲ್ಲಿ ಪರೀಕ್ಷಿಸುತ್ತೇನೆ.

ಹುದುಗು:
5-ಎಫ್‌ಒಎಗೆ ಮುಂಚಿನ ತಳಿಯನ್ನು ಇಂದೇ ಫ್ರೀಜರ್‌ನಲ್ಲಿಡಿ. ಪ್ರತಿ ರೂಪಾಂತರಕ್ಕೂ ಅಲ್ಲಿಂದಲೇ ಶುರುಮಾಡಿ.