ಟ್ರಿಪ್ ಆಯ್ತು, ಫ್ಯೂಸ್ ಹೋಯ್ತು, ಶಾರ್ಟ್ ಆಯ್ತು: ಮೂರಕ್ಕೂ ಬೇರೆ ಮಾತು ಬೇಕಲ್ವಾ?

ಗೆಳೆಯರೇ, ಒಂದೆರಡು ಪದಗಳ ವಿಷಯ ಕೇಳಬೇಕಿದೆ. ಹಿನ್ನೆಲೆ ಹೇಳದೆ ಕೇಳಿದರೆ ಪ್ರಶ್ನೆ ಅರ್ಧಂಬರ್ಧ ಆಗುತ್ತೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದಲ್ಲಿ. ನಮ್ಮ ಹತ್ತಿರ ಒಂದು ಆರ್‌ವಿ ಇದೆ, ಅಂದರೆ ಅಡುಗೆಕಟ್ಟೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ. ಚಳಿಗಾಲದಲ್ಲಿ ಅದನ್ನು ಓಡಿಸುವುದಿಲ್ಲ. ನೀರೆಲ್ಲ ಬಸಿದು, ಮನೆ ಪಕ್ಕ ನಿಲ್ಲಿಸಿ, ಬ್ಯಾಟರಿ ಸಾಯದಿರಲಿ ಅಂತ ಗ್ಯಾರೇಜಿನ ಪ್ಲಗ್ ಪಾಯಿಂಟಿನಿಂದ ವೈರು ಎಳೆದು ಕೊಟ್ಟಿರುತ್ತೇವೆ. ಹೋದ ಚಳಿಗಾಲ ನಾನು ಮನೆಯಲ್ಲಿ ಇರಲಿಲ್ಲ. ಭಾವ ಫೋನ್ ಮಾಡಿ, "ಗಾಡಿ ಫ್ಯೂಸ್ ಹೋಗಿದೆ ಕಣೋ, ಪ್ಲಗ್ ಹಾಕಿದ ಕೂಡಲೇ ಹೋಗ್ತಿದೆ" ಅಂದರು. ಫ್ಯೂಸ್ ಅಂದ ಕೂಡಲೇ ನನ್ನ ತಲೆ ಲೋಡ್ ಕಡೆ ಓಡಿತು. "ಲೋಡ್ ಜಾಸ್ತಿ ಆಗಿರಬೇಕು ಭಾವ, ಹೀಟರ್, ಮೈಕ್ರೋವೇವ್ ಎಲ್ಲ ಆಫ್ ಮಾಡಿ ನೋಡಿ" ಅಂದೆ. ಮಾಡಿದರು. ದಪ್ಪ ವೈರು ತಂದು ಹಾಕಿದರು. ಏನೂ ಬದಲಾಗಲಿಲ್ಲ. ಗೀಸರ್ ಸ್ವಿಚ್ಚನ್ನು ಮಾತ್ರ ಇಬ್ಬರೂ ನೆನೆಯಲೇ ಇಲ್ಲ, ಟ್ಯಾಂಕಿನಲ್ಲಿ ನೀರೇ ಇಲ್ಲದ ಮೇಲೆ ಅದೇನು ಕರೆಂಟ್ ಎಳೆಯುತ್ತೆ ಅಂತ.

ಮೂರನೇ ದಿನ ಅವರು ಫೋಟೊ ಕಳಿಸಿದಾಗ ಗೊತ್ತಾಯ್ತು, ಹೋಗಿದ್ದು ಫ್ಯೂಸೂ ಅಲ್ಲ, ಮೀಟರ್ ಬೋರ್ಡಿನ ಬ್ರೇಕರೂ ಅಲ್ಲ, ಪ್ಲಗ್ ಪಾಯಿಂಟಿನ ಮುಖದ ಮೇಲೇ ಇರುವ ಸಣ್ಣ ಗುಂಡಿ ಹೊರಗೆ ಬಂದಿತ್ತು. ಇಲ್ಲಿ ಗ್ಯಾರೇಜು, ಬಚ್ಚಲು, ಮನೆ ಹೊರಗಿನ ಪ್ಲಗ್ ಪಾಯಿಂಟುಗಳಿಗೆ ಜಿಎಫ್‌ಸಿಐ ಅನ್ನುವ ಕಾವಲು ಇರುತ್ತೆ. ಅದು ಲೋಡ್ ನೋಡುವುದೇ ಇಲ್ಲ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಮಾತ್ರ ನೋಡುತ್ತೆ. ಸುಮಾರು 5 ಮಿಲಿಆಂಪ್ ಕಡಿಮೆ ಬಂದರೂ ಸಾಕು, ಅದು ಯಾರದೋ ಮೈ ಮೂಲಕ ನೆಲಕ್ಕೆ ಹೋಗುತ್ತಿರಬಹುದು ಅಂತ ಕೂಡಲೇ ಕಡಿದುಬಿಡುತ್ತೆ. 15 ಆಂಪಿನ ಬ್ರೇಕರ್‌ಗೆ ಹೋಲಿಸಿದರೆ ಇದು 3000ದಲ್ಲಿ ಒಂದು ಪಾಲು! ಊರಿನ ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ ಕೂಡ ಇದೇ ಕೆಲಸ ಮಾಡುತ್ತೆ, ಸಾಮಾನ್ಯವಾಗಿ ಅದರ ಮಿತಿ 30 ಮಿಲಿಆಂಪ್.

ಈಗ ಪದದ ವಿಷಯ. ಫ್ಯೂಸ್, ಬ್ರೇಕರ್, ಜಿಎಫ್‌ಸಿಐ ಮೂರಕ್ಕೂ ನಮ್ಮ ಬಾಯಲ್ಲಿ "ಹೋಯ್ತು" ಅಂತಲೇ ಬರುತ್ತೆ. "ಕರೆಂಟ್ ಹೋಯ್ತು" ಕೂಡ ಅದೇ "ಹೋಯ್ತು". ಆದರೆ ಫ್ಯೂಸ್ ಸುಡುತ್ತೆ, ಮತ್ತೆ ಹೊಸದು ಹಾಕಬೇಕು. ಬ್ರೇಕರ್ ಬೀಳುತ್ತೆ, ಎತ್ತಿದರೆ ಮುಗಿಯಿತು ("ಎಂಸಿಬಿ ಎತ್ತು" ಅಂತಲೇ ಹೇಳುತ್ತೇವಲ್ವಾ). ಈ ಮೂರನೆಯದಕ್ಕೆ ಏನು ಹೇಳೋಣ? ಆರ್‌ವಿ ನಿಲ್ಲಿಸಿಡುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ, ಅಲ್ಲಿ ಇದು ಬೇಕೇ ಬೇಕು.

ಒಬ್ಬ ಸ್ನೇಹಿತರು "ಮುಗ್ಗರಿಸು" ಅಂದರು. ನನಗೆ ಅದು ಸುತಾರಾಂ ಒಪ್ಪಿಗೆಯಿಲ್ಲ. ಮುಗ್ಗರಿಸುವುದು ಎಡವಿದವರು ಮಾಡುವ ತಪ್ಪು. ಇಲ್ಲಿ ತಪ್ಪಿಲ್ಲ, ಆ ಯಂತ್ರ ಮಾಡಬೇಕಾದ ಕೆಲಸವನ್ನೇ ಮಾಡಿದೆ. ಇಂಗ್ಲಿಷಿನ ಟ್ರಿಪ್‌ಗೆ ಎಡವುವ ಅರ್ಥ ಇದ್ದರೂ ಯಂತ್ರದ ವಿಷಯದಲ್ಲಿ ಅದರ ಅರ್ಥ ಬೇರೆ: ಬಿಗಿದಿಟ್ಟ ಕೊಂಡಿಯನ್ನು ಬಿಡಿಸುವುದು. ಇಲಿಬೋನು ನೆನೆಸಿಕೊಳ್ಳಿ. ಇಲಿ ತಿಂಡಿ ಎಳೆದ ಕೂಡಲೇ ಕೊಂಡಿ ಕಳಚಿ ಬಾಗಿಲು ಬೀಳುತ್ತೆ. ಈ ಪ್ಲಗ್ ಪಾಯಿಂಟಿನ ಒಳಗೂ ಆಗುವುದು ಹಾಗೇ. ಅದಕ್ಕೇ ನನಗೆ "ಕಳಚಿಕೊಳ್ಳು" ಹಿಡಿಸಿದೆ. "ಪಾಯಿಂಟ್ ಕಳಚಿಕೊಂಡಿದೆ, ಗುಂಡಿ ಒತ್ತಿ ಮತ್ತೆ ಕೂರಿಸಿ." ಆ "ಕೊಳ್ಳು" ಅನ್ನುವುದರಲ್ಲೇ ತಾನಾಗಿಯೇ ಅನ್ನುವ ಛಾಯೆ ಬಂದುಬಿಡುತ್ತೆ. ಒಂದೇ ಭಯ ಅಂದರೆ, ಓದಿದವರು ಪಾಯಿಂಟ್ ಗೋಡೆಯಿಂದಲೇ ಕಿತ್ತು ಬಂದಿದೆ ಅಂತ ತಿಳಿದುಕೊಂಡಾರು.

ಎರಡನೆಯದು "ಸೋರಿಕೆ". ಪುಸ್ತಕದ ಕನ್ನಡದಲ್ಲಿ ವಿದ್ಯುತ್ ಸೋರಿಕೆ ಅಂತ ಬರೆಯುತ್ತಾರೆ, ಸರಿಯೇ. ಆದರೆ ನಮ್ಮಲ್ಲಿ ಮಾಡು ಸೋರುತ್ತೆ, ಮಡಕೆ ಜಿನುಗುತ್ತೆ. ಸೋರುವುದಕ್ಕೆ ತೂತು ಬೇಕು, ಜಿನುಗುವುದಕ್ಕೆ ತೂತು ಬೇಡ, ವಸ್ತುವಿನ ಗುಣವೇ ಹಾಗೆ. ಈ ಭೇದ ಇಲ್ಲಿ ತುಂಬ ಕೆಲಸಕ್ಕೆ ಬರುತ್ತೆ. ಗಾಡಿಯ ಬ್ಯಾಟರಿ ಚಾರ್ಜರಿನ ಒಳಗಿನ ಫಿಲ್ಟರ್, ಇನ್ನೊಂದು ಎಲೆಕ್ಟ್ರಾನಿಕ್ ಸಾಮಾನು, ಉದ್ದದ ವೈರು, ಇವೆಲ್ಲ ಸರಿಯಾಗಿದ್ದರೂ ಒಂದಿಷ್ಟು ಅರ್ಥಿಂಗಿಗೆ ಜಿನುಗುತ್ತಲೇ ಇರುತ್ತವೆ. ಒಂದೊಂದೂ ಲೆಕ್ಕಕ್ಕಿಲ್ಲ. ಎಲ್ಲ ಸೇರಿ 5 ಮಿಲಿಆಂಪ್ ಹತ್ತಿರ ಹೋದರೆ ಪಾಯಿಂಟ್ ಕಳಚಿಕೊಳ್ಳುತ್ತೆ, ಎಲ್ಲಿ ಹುಡುಕಿದರೂ ಕೆಟ್ಟ ಸಾಮಾನು ಒಂದೂ ಸಿಗುವುದಿಲ್ಲ.

ಸೋರುವುದು ಬೇರೆ. ಅಲ್ಲಿ ಏನೋ ಒಡೆದಿದೆ. ನಮ್ಮ ಗಾಡಿಯಲ್ಲಿ ಆಗಿದ್ದು ಅದು. ನೀರು ಬಸಿದ ಮೇಲೂ ಗೀಸರಿನ ಸ್ವಿಚ್ ಆನ್ ಇತ್ತು. ನೀರಿಲ್ಲದೆ ಕಾದ ಎಲಿಮೆಂಟ್ ಕೆಲವೇ ನಿಮಿಷದಲ್ಲಿ ಸುಟ್ಟು ಅದರ ಹೊರಕವಚ ಸೀಳಿ, ಫೇಸ್ ನೇರವಾಗಿ ಟ್ಯಾಂಕಿನ ಮೈಗೆ ತಗುಲಿತ್ತು. ಚಳಿಗಾಲಕ್ಕೆ ನಿಲ್ಲಿಸಿಟ್ಟ ಗಾಡಿಗಳಲ್ಲಿ ಇದು ಪದೇ ಪದೇ ಆಗುವ ತೊಂದರೆ. ಇಷ್ಟೇ ಅಲ್ಲ, ಈ ಎಲಿಮೆಂಟುಗಳ ಒಳಗೆ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಎಳೆದುಕೊಳ್ಳುತ್ತೆ. ಹಾಗಾಗಿ ತಿಂಗಳುಗಟ್ಟಲೆ ಸುಮ್ನೆ ನಿಂತ ಗಾಡಿಯ ಫ್ರಿಜ್ಜಿನ ಎಲಿಮೆಂಟ್ (ಆರ್‌ವಿಗಳ ಎಷ್ಟೋ ಫ್ರಿಜ್ಜುಗಳು ಬಿಸಿಯಿಂದಲೇ ಓಡುತ್ತವೆ) ಒಡೆಯದೆಯೂ ಸೋರಬಹುದು (ಅಲ್ಲ, ಇಲ್ಲಿ ಜಿನುಗು ಅನ್ನಬೇಕೇನೋ, ನೋಡಿ, ನನಗೇ ಗೊಂದಲ). ಇಲಿ ಕಡಿದ ವೈರು, ಹೊರಗಿನ ಪಾಯಿಂಟಿನೊಳಗೆ ಹೋದ ನೀರು, ಇವೂ ಸೋರಿಕೆಯ ಲೆಕ್ಕವೇ.

ಇನ್ನೊಂದು ಮಾತಿಗೆ ನಿಜವಾಗಿಯೂ ತಡಕಾಡುತ್ತಿದ್ದೇನೆ. ಹುಡುಕುವ ಕ್ರಮ ಹೀಗೆ: ಗಾಡಿಯ ಎಲ್ಲ ಬ್ರೇಕರ್ ಇಳಿಸಿ, ಪ್ಲಗ್ ಹಾಕಿ, ಒಂದೊಂದಾಗಿ ಎತ್ತುತ್ತಾ ಹೋಗಿ. ಯಾವುದನ್ನು ಎತ್ತಿದಾಗ ಕಳಚಿಕೊಳ್ಳುತ್ತೋ ತೊಂದರೆ ಅಲ್ಲೇ. ಎಲ್ಲ ಇಳಿಸಿದ್ದರೂ ಕಳಚಿಕೊಂಡರೆ ಜನ "ಪ್ಲಗ್ ಪಾಯಿಂಟೇ ಕೆಟ್ಟಿದೆ" ಅಂದುಬಿಡುತ್ತಾರೆ. ಇರಬಹುದು, ಹಳೆಯದಾದರೆ ಅದೂ ಕೆಡುತ್ತೆ, ಬರುವ ವೈರಿನಲ್ಲೂ ಇರಬಹುದು. ಆದರೆ ಗಾಡಿಯ ಬ್ರೇಕರ್ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಹಾಗೇ ಜೋಡಿಸಿಕೊಂಡಿರುತ್ತೆ. ಗಾಡಿಯೊಳಗೆ ಎಲ್ಲಾದರೂ ನ್ಯೂಟ್ರಲ್ಲೂ ಅರ್ಥಿಂಗೂ ಒಂದನ್ನೊಂದು ಮುಟ್ಟಿದ್ದರೆ, ಬ್ರೇಕರ್ ಇಳಿಸಿದರೂ ಜಿಎಫ್‌ಸಿಐ ಬಿಡುವುದಿಲ್ಲ. ಆರ್‌ವಿಯೊಳಗೆ ಇವೆರಡೂ ಸೇರಲೇಬಾರದು, ಸೇರುವ ಜಾಗ ಮನೆಯ ಮುಖ್ಯ ಬೋರ್ಡು ಮಾತ್ರ. ಈ ಮುಟ್ಟುವಿಕೆಗೆ ಏನನ್ನೋಣ? "ಶಾರ್ಟ್" ಅಂದರೆ ಕಿಡಿ, ಹೊಗೆ ನೆನಪಾಗುತ್ತೆ, ಇಲ್ಲಿ ಅದೇನೂ ಇಲ್ಲ. "ಬೆಸುಗೆ" ಬೇಕೆಂದೇ ಮಾಡಿದ್ದು. "ತಗಲಾಟ" ಅಂತ ಹೊಳೆಯಿತು, ನಿಮಗೆ ಹೇಗೆ ಕೇಳಿಸುತ್ತೆ?

ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನೇ ಕತ್ತರಿಸಿ ಹಾಕಿದರೆ ಕಳಚಿಕೊಳ್ಳುವುದು ನಿಲ್ಲುತ್ತೆ ಅಂತ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಯಾರೂ ಮಾಡಬೇಡಿ. ಆಗ ಸೋರಿದ ಕರೆಂಟಿಗೆ ದಾರಿ ಇಲ್ಲದೆ ಇಡೀ ಗಾಡಿಯ ಮೈಗೆ ಬಂದು ನಿಲ್ಲುತ್ತೆ. ಒದ್ದೆ ನೆಲದಲ್ಲಿ ನಿಂತು ಬಾಗಿಲ ಹಿಡಿಗೆ ಕೈ ಹಾಕಿದವರ ಗತಿ ಏನು? ಇದಕ್ಕೆ ಮಾತ್ರ ಹೊಸ ಪದ ಬೇಕಾಗಿಲ್ಲ. "ಬಾಡಿಗೆ ಕರೆಂಟ್ ಬಂದಿದೆ" ಅಂತ ಮಿಕ್ಸಿಗೂ ಫ್ರಿಜ್ಜಿಗೂ ಹೇಳುವುದನ್ನೇ ಹಾಗೇ ಇಟ್ಟುಕೊಂಡಿದ್ದೇನೆ.

ಎಲೆಕ್ಟ್ರಿಷಿಯನ್ ಕೆಲಸ ಮಾಡುವವರು, ಅಥವಾ ಅಂಥವರ ಜೊತೆ ಒಡನಾಟ ಇರುವವರು ಇಲ್ಲಿ ಇದ್ದರೆ, ಕೆಲಸದ ಜಾಗದಲ್ಲಿ ಬಾಯಲ್ಲಿ ಬರುವ ಮಾತನ್ನು ಹಾಗೇ ಬರೆದು ತಿಳಿಸಿ. "ಟ್ರಿಪ್ ಆಗ್ತಿದೆ" ಅಂತಲೇ ಹೇಳುವುದು, ಬೇರೆ ಮಾತೇ ಇಲ್ಲ ಅಂದರೂ ಸರಿ, ಹಾಗೇ ಬಳಸುತ್ತೇನೆ. ಆದರೆ ಜಿನುಗು, ಸೋರು ಎರಡನ್ನೂ ಬೇರೆ ಬೇರೆ ಇಟ್ಟರೆ ಓದುವವರಿಗೆ ಕೃತಕ ಅನ್ನಿಸುತ್ತಾ? ಅದನ್ನು ಮೊದಲು ಹೇಳಿ, ಆ ಅಧ್ಯಾಯ ಅಲ್ಲೇ ನಿಂತಿದೆ.