ಸಹಾಯ ಬೇಕು: ಹರಿದ ಲೆನ್ಸ್‌ನ ಚೂರು ಕಣ್ಣಲ್ಲೇ ಉಳಿದಿದೆಯಾ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಇವತ್ತು, ಭಾನುವಾರ, ಕಣ್ಣಿನ ಡಾಕ್ಟರ್ ಯಾರಾದ್ರೂ ಸಿಗ್ತಾರಾ?

ನನ್ನ ತಂಗಿ ತಿಂಗಳಿಗೊಮ್ಮೆ ಬದಲಿಸೋ ಸಾಫ್ಟ್ ಲೆನ್ಸ್ ಹಾಕ್ತಾಳೆ. ನಿನ್ನೆ ರಾತ್ರಿ ಬಲಗಣ್ಣಿಂದ ತೆಗೆದಾಗ ಅಂಚಲ್ಲಿ ಅಕ್ಕಿನುಚ್ಚಿನಷ್ಟು ಚೂರು ಇರಲಿಲ್ಲ. ಬೆರಳ ತುದಿ ಮೇಲಿಟ್ಟು ಬೆಳಕಿಗೆ ಹಿಡಿದರೆ ಇಲಿ ಕಡಿದ ಹಾಗಿತ್ತು. ಡಬ್ಬಿಯಲ್ಲೂ ಹುಡುಕಿದ್ವಿ, ಸಿಗಲಿಲ್ಲ. ಕಣ್ಣು ಮಿಟುಕಿಸಿದಾಗಲೆಲ್ಲ ಮರಳು ಸಿಕ್ಕಿದ ಹಾಗೆ ಚುಚ್ಚುತ್ತೆ ಅಂತಾಳೆ. ಸ್ವಲ್ಪ ಕೆಂಪಾಗಿದೆ, ನೋಟ ಮಂಜಾಗಿಲ್ಲ.

ಚೂರು ಕಣ್ಣಿನ ಹಿಂದಕ್ಕೆ ಹೋಗಲ್ಲ, ರೆಪ್ಪೆಯನ್ನೂ ಕಣ್ಣುಗುಡ್ಡೆಯನ್ನೂ ಸೇರಿಸೋ ತೆಳು ಪೊರೆ ತಡೆಯುತ್ತೆ. ಆದರೆ ಮೇಲ್ರೆಪ್ಪೆ ಅಡಿ ಅಡಗಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಗೀರಬಹುದು, ಅದೇ ಭಯ. ಉಜ್ಜಬೇಡ, ನಲ್ಲಿ ನೀರು ಹಾಕಬೇಡ ಅಂದಿದ್ದೀನಿ, ಕನ್ನಡಕ ಹಾಕ್ಕೊಂಡಿದ್ದಾಳೆ. ಬಣ್ಣದ ಡ್ರಾಪ್ಸ್ ಹಾಕಿ ನೀಲಿ ಬೆಳಕಲ್ಲಿ ನೋಡಿದ್ರೆ ಚೂರು, ಗೀರು ಎರಡೂ ಕಾಣುತ್ತಂತೆ. ಗೊತ್ತಿದ್ದವರು ದಯವಿಟ್ಟು ಬೇಗ ತಿಳಿಸಿ.