ಮಾತಾಡೋ ಟ್ಯಾಬಿನ ಬಟನ್‌ಗಳಿಗೆ ಪದ ಬೇಕಿತ್ತು: ‘ಕೊಡು’ನಾ ‘ಕೊಡಿ’ನಾ, ‘ಸಹಾಯ’ಕ್ಕೆ ಮಕ್ಕಳು ಏನಂತಾರೆ?

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆ ಒಂದು ಶಾಲೇಲಿ ವಿಶೇಷ ಶಿಕ್ಷಕಿ. ಮಾತು ಬಾರದ ಮಕ್ಕಳಿಗೆ ಟ್ಯಾಬಲ್ಲಿ ಚಿತ್ರ ಒತ್ತಿದ್ರೆ ಅದೇ ಮಾತಾಡೋ ಆ್ಯಪ್ ಹಾಕಿಕೊಡ್ತೀವಿ, ನಮ್ಮ ಟ್ರೇನಿಂಗಲ್ಲಿ ಅದಕ್ಕೆ ಎಎಸಿ ಅಂತಾರೆ, ಮನೆಯವರು ಮಾತಾಡೋ ಟ್ಯಾಬು ಅಂತಾರೆ. ಈಗ ಎಂಟು ವರ್ಷದ ಒಬ್ಬ ಹುಡುಗನಿಗೆ ಹೊಸದಾಗಿ ಸೆಟ್ ಮಾಡ್ತಿದೀವಿ. ಸೆರೆಬ್ರಲ್ ಪಾಲ್ಸಿ ಇದೆ, ಅಂದ್ರೆ ಮೆದುಳಿನ ತೊಂದರೆಯಿಂದ ಮೈಯ ಚಲನೆ ಸರಿಯಾಗಿ ಹಿಡಿತಕ್ಕೆ ಬರಲ್ಲ, ನಾವು ಹೇಳಿದ್ದೆಲ್ಲ ಅರ್ಥ ಆಗುತ್ತೆ, ಬಾಯಿಂದ ಬರೋದು ಎರಡೋ ಮೂರೋ ಸದ್ದು ಅಷ್ಟೇ. ಬೆರಳು ನಡುಗುತ್ತೆ ಅಂತ ಬಟನ್ ದೊಡ್ಡದು ಮಾಡಿ ಒಂದು ಪುಟಕ್ಕೆ ಇಪ್ಪತ್ತಕ್ಕೆ ನಿಲ್ಲಿಸಿದೀವಿ, ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಮಾತ್ರ ಮಾತಾಡೋ ಹಾಗೆ ಮಾಡಿದೀವಿ, ಚಿತ್ರಗಳನ್ನ ಸ್ಪೇನಿನ ಅರಗಾನ್ ಸರ್ಕಾರದ ಅರಾಸಾಕ್ ಅನ್ನೋ ಉಚಿತ ಸಂಗ್ರಹದಿಂದ ತಗೊಂಡಿದೀವಿ. ಇದೆಲ್ಲ ಒಂದು ಹದಕ್ಕೆ ಬಂತು. ಸಿಕ್ಕಾಕೊಂಡಿರೋದು ಪದಗಳ ಹತ್ರ.

ಈ ಥರ ಪುಟಗಳು ಹೆಚ್ಚಾಗಿ ಇಂಗ್ಲಿಷಿನ ಲೆಕ್ಕದಲ್ಲಿ ಮಾಡಿರೋವು. ಎಡಗಡೆ ಜನ, ಮಧ್ಯ ಕ್ರಿಯಾಪದ, ಬಲಕ್ಕೆ ವಸ್ತು. ಬಣ್ಣಾನೂ ಹಾಗೇ, ಫಿಟ್ಜ್‌ಜೆರಾಲ್ಡ್ ಕೀ ಅಂತ ಒಂದು ಪದ್ಧತಿ ಇದೆ, ಅದರ ಈಗಿನ ರೂಪದಲ್ಲಿ ಜನಕ್ಕೆ ಹಳದಿ, ಕ್ರಿಯಾಪದಕ್ಕೆ ಹಸಿರು, ವಸ್ತುಗೆ ಕಿತ್ತಳೆ. ನಮ್ಮಲ್ಲಿ ಕ್ರಿಯಾಪದ ಕೊನೇಗೆ ಬರೋದಲ್ವಾ, ಅದಕ್ಕೆ ಹಸಿರು ಸಾಲನ್ನ ಪೂರ್ತಿ ಬಲಕ್ಕೆ ತಳ್ಳಿದ್ವಿ, ಅಷ್ಟು ಸುಲಭ ಆಯ್ತು. ಆದ್ರೆ ಅವನು ‘ನಾನು’, ‘ನೀರು’, ‘ಬೇಕು’ ಅಂತ ಮೂರು ಬಟನ್ ಸರಿಯಾಗೇ ಒತ್ತಿದ, ಟ್ಯಾಬು ‘ನಾನು ನೀರು ಬೇಕು’ ಅಂತು, ಪಕ್ಕದಲ್ಲಿದ್ದ ಹುಡುಗಿ ತಕ್ಷಣ ‘ನಂಗೆ ನೀರು ಬೇಕು ಅನ್ನು’ ಅಂತ ತಿದ್ದಿದ್ಲು. ಅವಳು ಹೇಳಿದ್ದು ಸರೀನೇ. ಬೇಕು, ಗೊತ್ತು, ನೋವು, ಹಸಿವು, ಇಷ್ಟ, ಈ ವಯಸ್ಸಿನ ಮಗು ದಿನಾ ಹೇಳೋ ಮಾತಲ್ಲಿ ಎಷ್ಟೊಂದಕ್ಕೆ ‘ನಂಗೆ’ನೇ ಬೇಕು, ‘ನಾನು’ ಅಲ್ಲ. ಹಾಗಾಗಿ ಮೊದಲನೇ ಬಟನ್ ‘ನಂಗೆ’ ಮಾಡಿದೀವಿ, ‘ನಾನು’ ಎರಡನೇ ಪುಟಕ್ಕೆ ಹೋಗಿದೆ.

‘ಹೋಗು’ ಇನ್ನೂ ಕಷ್ಟ. ಇಂಗ್ಲಿಷಲ್ಲಿ ಆ ಒಂದು ಪದ ಇಟ್ರೆ ಹೋಗಣ, ಹೋಗ್ತೀನಿ, ಹೋಗ್ಬೇಕು ಎಲ್ಲದಕ್ಕೂ ಹೆಂಗೋ ನಡಿಯುತ್ತೆ. ನಮ್ಮಲ್ಲಿ ಮಗು ಟೀಚರ್ ಮುಖ ನೋಡಿ ‘ಹೋಗು’ ಬಟನ್ ಒತ್ತಿದ್ರೆ ಅದು ಬೈಗುಳದ ಥರ ಕೇಳ್ಸುತ್ತೆ. ನಾನು ‘ಹೋಗಣ’ ಇಟ್ಟಿದೀನಿ, ಅವನ ಮನೇಲಿ ರಾಣೆಬೆನ್ನೂರು ಕಡೆ ಮಾತು, ‘ಹೋಗೂಣು’ ಅಂತಾರೆ. ಟ್ಯಾಬಿನ ಧ್ವನಿ ಅದನ್ನ ಓದೋದು ಒಂಥರಾ ಇರುತ್ತೆ ಅಂತ ಐದನೇ ಕ್ಲಾಸಲ್ಲಿರೋ ಅವರ ಅಣ್ಣನ ದನಿಯಲ್ಲೇ ರೆಕಾರ್ಡ್ ಮಾಡಿಸಿದ್ವಿ. ‘ಬ್ಯಾಡ’, ‘ಅವ್ವ’ ಕೂಡ ಅಣ್ಣನದೇ. ಮಗು ಮಾತಾಡಿದ್ರೆ ಅದು ಅವರ ಮನೆಯ ಮಾತಾಗೇ ಇರಬೇಕು ಅನ್ನೋದ್ರಲ್ಲಿ ನಂಗೆ ಎರಡು ಮಾತಿಲ್ಲ, ಮಹಾ ಶುದ್ಧ ಕನ್ನಡ ಆಡೋ ಯಂತ್ರ ಕೊಟ್ಟು ಮನೆಯವರಿಂದಾನೇ ಅವನನ್ನ ದೂರ ಮಾಡೋದು ಯಾಕೆ.

ಈಗ ನನ್ನ ಪ್ರಶ್ನೆಗಳಿಗೆ ಬರ್ತೀನಿ.

ಮೊದಲನೇದು ‘ಕೊಡು’. ನಮ್ಮ ಕಡೆ ಮಗು ಅವ್ವಂಗೆ ‘ಕೊಡು’ ಅನ್ನುತ್ತೆ, ಟೀಚರ್‌ಗೆ ‘ಕೊಡಿ’ ಇಲ್ಲಾ ‘ಕೊಡ್ರಿ’. ಎರಡೂ ಇಟ್ರೆ ಇಪ್ಪತ್ತರಲ್ಲಿ ಒಂದು ಜಾಗ ಹೋಗುತ್ತೆ, ಜೊತೆಗೆ ‘ಬಾ’, ‘ನೋಡು’, ‘ಮಾಡು’ ಎಲ್ಲದಕ್ಕೂ ಜೋಡಿ ಬೇಕಾಗುತ್ತೆ. ಒಂದೇ ಇಡೋದಾದ್ರೆ ಯಾವ್ದು? ‘ರೀ’ ಅಂತ ಬೇರೆ ಒಂದು ಬಟನ್ ಇಟ್ಟು ‘ಕೊಡು’ ಆದ್ಮೇಲೆ ಅದನ್ನ ಒತ್ತಿಸಿದ್ರೆ ಕೇಳೋರಿಗೆ ಮರ್ಯಾದೆ ಅನ್ಸುತ್ತಾ, ಅಸಂಬದ್ಧ ಅನ್ಸುತ್ತಾ? ಎಂಟು ವರ್ಷದ ಹುಡುಗ ಹೆಡ್‌ಮಾಸ್ಟರ್‌ಗೆ ‘ಕೊಡು’ ಅಂದ್ರೆ ಎಲ್ರೂ ಟ್ಯಾಬಿದು ಬಿಡಿ ಅಂತಾರೆ, ನಂಗೆ ಹಾಗೆ ಅನ್ನಿಸ್ಕೊಳ್ಳೋದು ಇಷ್ಟ ಇಲ್ಲ, ಅದು ಅವನ ಮಾತು.

ಎರಡನೇದು, ‘ಬೇಡ’, ‘ಇಲ್ಲ’, ‘ಅಲ್ಲ’. ಇಂಗ್ಲಿಷ್ ಪುಟದಲ್ಲಿ ಇದಕ್ಕೆ ಸಿಗೋ ಜಾಗ ಒಂದೇ ಬಟನ್, ನಾನು ಮೂರೂ ಬೇಕು ಅಂತೀನಿ, ಜೊತೆಗಿರೋ ಟೀಚರ್ ‘ಅಲ್ಲ’ ಯಾಕೆ ಅಂತಾರೆ. ಮೊನ್ನೆ ಊಟದ ಹೊತ್ತಲ್ಲಿ ಒಂದೇ ಥರದ ಎರಡು ಡಬ್ಬಿ ಇತ್ತು, ಆಯಮ್ಮ ಬೇರೆಯವರ ಡಬ್ಬಿ ತೆಗೆದು ಮುಂದಿಟ್ರು, ಅವನು ‘ಬೇಡ’ ಒತ್ತಿದ, ಹಸಿವಿಲ್ಲ ಅನ್ಕೊಂಡು ಅವರು ಮುಚ್ಚಿಟ್ರು. ಅವನಿಗೆ ಬೇಕಿದ್ದ ಮಾತು ‘ಇದಲ್ಲ’. ಮಾತು ಬರದೇ ಇರೋ ಮಗುವಿನ ದಿನ ಪೂರ್ತಿ ಬೇರೆಯವರ ಊಹೆ ಮೇಲೆ ನಡಿಯುತ್ತೆ, ಊಹೆ ತಪ್ಪಾದಾಗ ಹೇಳೋಕೆ ‘ಅಲ್ಲ’ ಬಿಟ್ಟು ಬೇರೆ ಏನಿದೆ? ಬರೀ ‘ಅಲ್ಲ’ ಇಡಲಾ, ‘ಅದಲ್ಲ’ ಇಡಲಾ, ನಿಮಗೆ ಯಾವುದು ಸಹಜ ಅನ್ಸುತ್ತೆ?

ಮೂರನೇದು ಸ್ಪೆಲಿಂಗ್. ಇದೇ ಪುಟವನ್ನ ಆರನೇ ಕ್ಲಾಸಿನ ಇನ್ನೊಬ್ಬಳಿಗೂ ಕೊಡಬೇಕು, ಅವಳಿಗೆ ಮಾತು ತೊದಲುತ್ತೆ, ಜೊತೆಗೆ ಓದೋದ್ರಲ್ಲಿ ಕಲಿಕಾ ತೊಂದರೆ ಇದೆ. ಚಿತ್ರದ ಕೆಳಗಿನ ಅಕ್ಷರ ಅವಳಿಗೆ ಮುಖ್ಯ. ಟ್ಯಾಬು ‘ನಂಗೆ’ ಅಂತ ಹೇಳಿ ಕೆಳಗೆ ಪಾಠದ ಪುಸ್ತಕದ ಹಾಗೆ ‘ನನಗೆ’ ಅಂತ ಬರೆದಿದ್ರೆ ಅಕ್ಷರಕ್ಕೂ ಸದ್ದಿಗೂ ಕಷ್ಟಪಟ್ಟು ಜೋಡಿಸ್ತಿರೋ ಮಗುಗೆ ಇನ್ನೊಂದು ಗೊಂದಲ, ‘ನಂಗೆ’ ಅಂತಾನೇ ಬರೆದ್ರೆ ನೋಟ್ಸಲ್ಲಿ ಹಾಗೇ ಬರೀತಾಳೆ, ಟೀಚರ್ ಕೆಂಪು ಗೆರೆ ಹಾಕ್ತಾರೆ. ನಾನು ಸದ್ದಿದ್ದ ಹಾಗೆ ಬರೆಯೋ ಕಡೆ ಇದೀನಿ, ಭಾಷೆ ಕಲಿಸೋರು ಏನಂತೀರಾ? ಇನ್ನೊಂದು, ‘ಬೇಕು’, ‘ಬೇಡ’ ಎರಡೂ ‘ಬೇ’ಯಿಂದ ಶುರು, ‘ಕೊಡು’ ‘ಕೊಡಿ’ಗೆ ಕೊನೇ ಗುಣಿತದಲ್ಲಿ ಮಾತ್ರ ವ್ಯತ್ಯಾಸ, ಸಣ್ಣ ಅಕ್ಷರದಲ್ಲಿ ಅವಳಿಗೆ ಬೇರೆ ಬೇರೆ ಅಂತ ಕಾಣಲ್ಲ. ಬೇಕು-ಬೇಡ ಎರಡನ್ನ ಎದುರುಬದುರು ಮೂಲೆಗೆ ಹಾಕಿದೀನಿ.

ಉಳಿದವು ಬೇಗ ಹೇಳ್ತೀನಿ. ‘ಸಹಾಯ’ ಅಂತ ಯಾವ ಮಗುವೂ ಅಂದಿದ್ದು ನಾ ಕೇಳಿಲ್ಲ, ‘ಮಾಡ್ಕೊಡು’, ‘ಆಗ್ತಿಲ್ಲ’, ‘ಇಲ್ಬಾ’, ನಿಮ್ಮ ಕಡೆ ಏನು? ಆಟದಲ್ಲಿ ‘ನನ್ನ ಸರದಿ’ ಅನ್ನೋಕೆ ‘ಈಗ ನಂದು’ ನಡಿಯುತ್ತಾ, ‘ನನ್ ಚಾನ್ಸು’ ಇಡಲಾ? ಇನ್ನೂ ಬೇಕು ಅನ್ನೋದಕ್ಕೆ ‘ಇನ್ನೊಂಚೂರು’ ಊಟಕ್ಕೆ ಸರಿ, ಉಯ್ಯಾಲೆಗೆ ‘ಇನ್ನೊಂದ್ಸಲ’ ಬೇಕು, ಎರಡಕ್ಕೂ ಆಗೋ ಒಂದು ಮಾತಿದ್ಯಾ?

ಇಷ್ಟು ಕೇಳೋಕೆ ಕಾರಣ ಇದೆ. ಈ ಮಕ್ಕಳು ಚಿತ್ರ ನೋಡಿ ಒತ್ತೋದಕ್ಕಿಂತ ಹೆಚ್ಚಾಗಿ ಕೈ ಎಲ್ಲಿಗೆ ಹೋಗಬೇಕು ಅಂತ ರೂಢಿ ಮಾಡ್ಕೊಂಡು ಒತ್ತುತಾರೆ, ಟೈಪಿಂಗ್ ಕಲಿತೋರು ಕೀ ನೋಡದೇ ಒತ್ತೋ ಹಾಗೆ. ಒಂದ್ಸಲ ಜಾಗ ಕೂತ ಮೇಲೆ ಬದಲಾಯಿಸಿದ್ರೆ ಮೊದಲಿಂದ ಶುರು ಮಾಡಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ‘ಸಂವಹನ’ ಅನ್ನೋ ಪದದ ಅರ್ಥದೊಳಗೇ ಇಂಥ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ, ಹಕ್ಕು ಕಾಗದದಲ್ಲಿದೆ, ಬಟನ್ ಮೇಲಿನ ಪದ ನಾವೇ ಕೂಡಿಸಬೇಕು.

ನಿಘಂಟಿನ ಪದ ಬೇಡ, ದಯವಿಟ್ಟು. ನಿಮ್ಮ ಮನೆ, ನಿಮ್ಮ ಬೀದಿಯ ಆರೇಳು ವರ್ಷದ ಮಕ್ಕಳು ಏನಂತಾರೋ ಅದನ್ನ ಹಾಗೇ ಬರೆದು, ಯಾವ ಊರು ಅಂತಾನೂ ಹಾಕಿ. ಚಾರ್ಜ್ ಮುಗಿದಾಗ ತೋರಿಸೋಕೆ ಇದೇ ಪುಟದ ಕಾಗದದ ಪ್ರತಿ ಗುರುವಾರ ಲ್ಯಾಮಿನೇಷನ್‌ಗೆ ಕೊಡ್ತೀವಿ, ಅಷ್ಟರೊಳಗೆ ಬಂದ್ರೆ ಅದರಲ್ಲೂ ಸೇರಿಸಬಹುದು.